ಕಪ್ಪು ಮುದ್ರೆ

ತೆಮುಕೋದಲ್ಲಿ ಚಳಿಗಾಲವೆಂದರೆ ಸೌದೆಯ ಹೊಗೆ.
ಹಸಿ ಕಟ್ಟಿಗೆ, ಬಡವರ ಒಲೆ, ಊರಿನ ಮೇಲೆ
ಮಗ್ಗುಲು ಬದಲಿಸದೆ ಮಲಗಿದ ಬೂದು.
ಹಾಗಾಗಿ ನಲವತ್ತೇಳಕ್ಕೆ ನನ್ನೆದೆಯೊಳಗೆ
ಯಾರೋ ಸಣ್ಣಗೆ ಸೀಟಿ ಊದತೊಡಗಿದಾಗ
ಎಲ್ಲರೂ ಒಲೆಯ ಕಡೆಗೇ ಬೆರಳು ತೋರಿದರು.

ಒಲೆ ಮುಚ್ಚಿಸಿದೆ. ಗ್ಯಾಸು ತಂದೆ, ಕಂತಿನಲ್ಲಿ.
ಬೆಕ್ಕನ್ನು ನಾದಿನಿ ಓತಿಲಿಯಾಳ ಮನೆಗೆ ಕಳಿಸಿದೆ,
ಮೂರು ದಿನ ಅದು ಏನೂ ಮುಟ್ಟಲಿಲ್ಲವಂತೆ.
ಕಂಬಳಿ ಬಿಸಿಲಿಗೆ ಹಾಕಿದೆ, ಬಿಸಿಲು ಬಂದ ದಿನ.
ಸೀಟಿ ನಿಲ್ಲಲಿಲ್ಲ.

ಚಿಕಿತ್ಸಾಲಯದ ಹಿಂಬದಿ, ದೊಡ್ಡವರ ಉಸಿರಾಟದ ಕೋಣೆ.
ಹೊಸದಾಗಿ ಬಂದ ಹುಡುಗಿ, ಸಾಯೆನ್ ಪೈಯಾಲೆಫ್,
ಕೊಳವೆ ಕೊಟ್ಟಳು: ಊದಿ, ದೋನ್ಯಾ ಇಸ್ಮೇನಿಯಾ.
ಊದಿದೆ. ಮುಳ್ಳು ಇನ್ನೂರ ಎಪ್ಪತ್ತರ ತನಕ ಕುಂಟಿ ನಿಂತಿತು.
ಆಮೇಲೆ ಯಾರೂ ಕೇಳದ್ದನ್ನು ಕೇಳಿದಳು:
ಏನು ತಿನ್ನುತ್ತೀರಿ?

ನಗು ಬಂತು. ಉಸಿರಿಗೆಂದು ಹೋದವಳ
ಚಪ್ಪಲಿ ಅಳತೆ ಕೇಳಿದ ಹಾಗೆ.
ಅನ್ನದ ದಾರಿ ಬೇರೆ, ಗಾಳಿಯ ದಾರಿ ಬೇರೆ ಅಲ್ಲವೆ?
ಗಂಟಲವರೆಗೆ ಒಂದೇ, ಎಂದಳು,
ಅಲ್ಲಿ ಅಗಲಿದ್ದು ರಕ್ತದಲ್ಲಿ ಮತ್ತೆ ಭೇಟಿಯಾಗುತ್ತವೆ.
ನಂಟು ಇದೆ ಅನ್ನುತ್ತಾರೆ ಓದಿದವರು;
ಅದೇ ಕಾರಣವೆಂದು ನಾನು ಆಣೆ ಇಡಲಾರೆ.
ಏಳು ದಿನ ಬರೆದು ತನ್ನಿ.

ನಾನು ಪೆಟ್ರೋಲ್ ಬಂಕಿನ ರಾತ್ರಿ ಕ್ಯಾಷಿಯರ್.
ಊಟ ಬಲ್ಲವನಿಗೆ ರೋಗವಿಲ್ಲವಂತೆ.
ರಾತ್ರಿ ಪಾಳಿಗೆ ಊಟವೆಂಬುದಿಲ್ಲ, ಕೂಪನ್ನಿದೆ.

ಸೋಮವಾರ: ಸಾಸೇಜು ಎರಡು. ಉರುಳುವ ಕಂಬಿಗಳ ಮೇಲೆ
ಸಂಜೆಯಿಂದ ಬೆವರುತ್ತಿದ್ದವು. ಬನ್ನು. ಮೇಯೊನೇಸು.
ಮಂಗಳವಾರ: ಅದೇ.
ಬುಧವಾರ: ಅದೇ, ಜೊತೆಗೆ ಲೋಟದ ನೂಡಲ್ಸು,
ಬಿಸಿನೀರು ಮಾತ್ರ ನನ್ನದು.
ಗುರುವಾರ ರಜೆ. ಹ್ಯಾಮು ನಾಲ್ಕು ಹಾಳೆ,
ಮೊಮ್ಮಗ ಬಿಟ್ಟ ಚಿಪ್ಸು, ಕಿತ್ತಳೆ ಬಣ್ಣದ ನೀರು.
ಕಿತ್ತಳೆ ಅದರಲ್ಲಿರಲಿಲ್ಲ.
ಶುಕ್ರವಾರ ನಾಚಿಕೆಯಾಗಿ
‘ಸೇಬು’ ಎಂದು ಬರೆದೆ.
ಆಮೇಲೆ ಹೊಡೆದು ಹಾಕಿದೆ.

ಪೊಟ್ಟಣ ಪೊಟ್ಟಣದ ಮೇಲೂ ಎಂಟು ಮೂಲೆಯ ಕಪ್ಪು ಮುದ್ರೆ,
ಸರ್ಕಾರ ಹಾಕಿಸಿದ್ದು: ಉಪ್ಪು ಹೆಚ್ಚು. ಕೊಬ್ಬು ಹೆಚ್ಚು. ಸಕ್ಕರೆ ಹೆಚ್ಚು.
ಕೆನ್ನೆಗಿಟ್ಟ ದೃಷ್ಟಿಬೊಟ್ಟಿನಷ್ಟು ಕಪ್ಪು,
ಯಾರ ದೃಷ್ಟಿಯೂ ಮಾತ್ರ ಅದಕ್ಕೆ ತಾಗದು.
ಎಷ್ಟು ಸಾವಿರ ಮುದ್ರೆ ಈ ಕೈಯಿಂದ ದಾಟಿವೆಯೋ,
ಉಸಿರಿನದೊಂದನ್ನೂ ಕಂಡಿಲ್ಲ.

ಎರಡನೆಯ ವಾರ ಡಬ್ಬಿಯಲ್ಲಿ ಹುರಿಹಿಟ್ಟು ಒಯ್ದೆ,
ಗೋಧಿ ಹುರಿದು ಬೀಸಿದ್ದು. ಪರರ ಆಲೂಗಡ್ಡೆ ಅಗೆಯಲು ಹೋಗುವಾಗ
ಅವ್ವ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದಳು.
ತಣ್ಣೀರು, ಚಮಚ ಸಕ್ಕರೆ, ಕಲಕು, ಕುಡಿ.
ಬೆಳಗಿನ ನಾಲ್ಕಕ್ಕೆ ಲಾರಿಯ ನೋಲ್ಬೆರ್ತೊ ಇಣುಕಿ
ಸಿಮೆಂಟು ಕುಡೀತಿದ್ದೀಯಾ? ಎಂದ.
ಅವನಿಗೆ ಸಾಸೇಜು ಎರಡು ಕಟ್ಟಿಕೊಟ್ಟೆ, ಚಿಲ್ಲರೆ ಎಣಿಸಿದೆ.
ಲಾರಿ ಹತ್ತುವಾಗ ಅವನೂ ನಡುಮೆಟ್ಟಿಲಲ್ಲಿ
ಒಂದು ಕ್ಷಣ ನಿಲ್ಲುತ್ತಾನೆ, ಏನೋ ಮರೆತವನಂತೆ.
ಮೊದಲು ಇದು ಕಾಣುತ್ತಿರಲಿಲ್ಲ.
ಹೇಳಬೇಕಿತ್ತು.
ಹಿಂದೆ ಇನ್ನಿಬ್ಬರು ಸಾಲಿನಲ್ಲಿದ್ದರು.

ತಿಂಗಳ ಕೊನೆಗೆ ಮುಳ್ಳು ಮುನ್ನೂರ ಹತ್ತು.
ಸಾಯೆನ್ ಹಿಗ್ಗಲಿಲ್ಲ. ಈ ವಾರವೆಲ್ಲ ಮಳೆ, ಹೊಗೆ ಕಡಿಮೆ,
ಪಂಪು ಬಿಡಬೇಡಿ, ಎಂದಳು.
ಸುಳ್ಳು ಹೇಳದ ಹುಡುಗಿ. ಸಿಟ್ಟೂ ಬಂತು.

ಪಂಪು ಏಪ್ರನ್ನಿನ ಎಡಜೇಬಿನಲ್ಲಿ,
ಬಲಜೇಬಿನಲ್ಲಿ ಒಂಬತ್ತು ಕೂಪನ್ನು.
ಹಣಕ್ಕೆ ಬದಲಾಗವು, ಮೂವತ್ತಕ್ಕೆ ಸಾಯುತ್ತವೆ.
ಕಂಬಿ ತಿರುಗುತ್ತಿದೆ. ವಾಸನೆ, ನಿಜ ಹೇಳಬೇಕೆಂದರೆ, ಚೆನ್ನಾಗಿದೆ.

ಬೆಳಕಾದ ಮೇಲೆ ಓತಿಲಿಯಾಳಿಗೆ ಫೋನು ಮಾಡಬೇಕು.
ಬೆಕ್ಕು ಈಗ ತಿನ್ನುತ್ತಿದೆಯೆ?
ಏನು?